2001ರ ಹಾರ್ಡ್‌ಡಿಸ್ಕಿನಲ್ಲಿ ಅಪ್ಪಯ್ಯನ ಮಳೆ ಲೆಕ್ಕ ಇದೆ, ಹೊರಗೆ ತೆಗೆಯುವುದು ಹೇಗೆ?

ಮಳೆಲೆಕ್ಕ | ಫೆಬ್ರವರಿ 2, ರಾತ್ರಿ 9:15

ಎಲ್ಲರಿಗೂ ನಮಸ್ಕಾರ. ನನ್ನದು ಬ್ಯಾಂಕ್ ಕೆಲಸ. ಕಂಪ್ಯೂಟರ್ ದಿನಾ ಬಳಸುತ್ತೇನೆ, ಆದರೆ ಅದರ ಒಳಗಿನ ವಿಷಯ ಗೊತ್ತಿಲ್ಲ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಮ್ಮದು ಹೊಸನಗರ ತಾಲ್ಲೂಕು, ಅಡಿಕೆ ತೋಟ. ಅಪ್ಪಯ್ಯ 1976ರಿಂದ ಅಂಗಳದಲ್ಲಿ ಮಳೆಮಾಪಕ ಇಟ್ಟಿದ್ದರು. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಜ್ವರ ಬಂದರೂ ತಪ್ಪಿಸಿದವರಲ್ಲ. ಮಿಲಿಮೀಟರ್ ಲೆಕ್ಕದ ಪಕ್ಕ ಒಂದು ಸಾಲು ಷರಾ ಇರುತ್ತಿತ್ತು. ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆದದ್ದು, ಅಡಿಕೆಗೆ ಕೊಳೆ ರೋಗ ಕಂಡ ದಿನ, ಮರ ಹತ್ತುವ ಕೊನೆಗಾರ ಬಂದದ್ದು, ಹಳ್ಳ ದಾಟಲಾಗದ ದಿನ, ಎಲ್ಲ.

2001ರಲ್ಲಿ ಕಂಪ್ಯೂಟರ್ ತಂದರು. ಮೂರು ಮಳೆಗಾಲ ಕೂತು ಹಳೇ ಪುಸ್ತಕಗಳನ್ನೆಲ್ಲ ಒಂದೊಂದೇ ಸಾಲು ಎಕ್ಸೆಲ್‌ಗೆ ಹಾಕಿದರು. ಷರಾ ಮಾತ್ರ ಕನ್ನಡದಲ್ಲಿ, ನುಡಿ ಅನ್ನುವ ತಂತ್ರಾಂಶದ ಅಕ್ಷರದಲ್ಲಿ. 2005ರ ಮೇ ತಿಂಗಳಲ್ಲಿ ಸಿಡಿಲು ಬಡಿದು ಕಂಪ್ಯೂಟರ್ ಹಾಳಾಯಿತು. ಅದನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಆಮೇಲೆ ಮತ್ತೆ ಪುಸ್ತಕದಲ್ಲೇ ಬರೆದರು. 2005ರ ನಂತರದ ಪುಸ್ತಕಗಳು ನನ್ನ ಹತ್ತಿರ ಇವೆ. ಅದಕ್ಕೂ ಹಿಂದಿನ ಪೆಟ್ಟಿಗೆ ತೆರೆದರೆ ಬರೀ ಗೆದ್ದಲಿನ ಮಣ್ಣು. ಅಂದರೆ 1976ರಿಂದ 2004ರವರೆಗಿನ 29 ವರ್ಷದ ಲೆಕ್ಕ ಈಗ ಈ ಡಿಸ್ಕಿನಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಅಪ್ಪಯ್ಯ ಹೋಗಿ ಎರಡು ವರ್ಷ ಆಯಿತು.

ಮೊನ್ನೆ ಪೇಟೆಯ ಒಂದು ಅಂಗಡಿಗೆ ಒಯ್ದೆ. ಅಲ್ಲಿದ್ದ ಹುಡುಗ ಒಂದು ವೈರಿನಿಂದ ಅವನ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಡಿಸ್ಕು ಗುಂಯ್ ಅಂತ ತಿರುಗಿತು, ನಾಲ್ಕೈದು ಸಲ ಟಿಕ್ ಟಿಕ್ ಅಂದಿತು, ಆಮೇಲೆ ಸುಮ್ಮನಾಯಿತು. ಪರದೆಯ ಮೇಲೆ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು ಅಂತ ಬಂತು. ಹುಡುಗನ ಕೈ ಹೌದು ಅನ್ನುವ ಬಟನ್ ಕಡೆಗೇ ಹೋಯಿತು. ನಾನು ಮೌಸನ್ನೇ ಹಿಡಿದುಕೊಂಡೆ. ಡಿಸ್ಕು ವಾಪಸ್ ತಂದಿದ್ದೇನೆ.

ಮೇಲೆ 20 ಜಿಬಿ ಅಂತಿದೆ. ಹಿಂಭಾಗದಲ್ಲಿ ಎರಡು ಸಾಲು ಸೂಜಿಯಂಥ ಪಿನ್ನುಗಳು, ಪಕ್ಕದಲ್ಲಿ ನಾಲ್ಕು ದಪ್ಪ ಪಿನ್ನು. ಸ್ಕ್ರೂಗಳಿಗೆ ತುಕ್ಕು ಹಿಡಿದಿದೆ. ಇದರಿಂದ ಏನಾದರೂ ಸಿಗಬಹುದಾ? ನಾನು ಮೊದಲು ಏನು ಮಾಡಬೇಕು?

---

ರಿಪೇರಿಬೆಂಚು | ಫೆಬ್ರವರಿ 2, ರಾತ್ರಿ 11:40

ಮೇಡಂ, ಮೊದಲ ಕೆಲಸ: ಇನ್ನು ಅದಕ್ಕೆ ಕರೆಂಟ್ ಕೊಡಬೇಡಿ. ಆ ಮೌಸ್ ಹಿಡಿದುಕೊಂಡಿರಲ್ಲ, ಅದು ಅರ್ಧ ಕೆಲಸ.

ನಾನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 22 ವರ್ಷದಿಂದ ರಿಪೇರಿ ಮಾಡುತ್ತಿದ್ದೇನೆ. ನಿಮ್ಮದು ಐಡಿಇ ಡಿಸ್ಕು, ಅಂದರೆ ಹಳೇ ಬಗೆಯ ಜೋಡಣೆ, 40 ಪಿನ್ನಿನದು. ಈಗಿನ ಸಾಟಾ ಜೋಡಣೆ ಬಂದದ್ದು 2003ರ ಹೊತ್ತಿಗೆ, ಅದಕ್ಕೂ ಮುಂಚಿನದು ಇದು. ಸಿಡಿಲು ಬಡಿದಿದ್ದರೂ ಡಿಸ್ಕು ತಿರುಗುತ್ತಿದೆ ಅಂದರೆ ಅದರ ಸರ್ಕ್ಯೂಟ್ ಬೋರ್ಡ್ ಪೂರ್ತಿ ಸತ್ತಿಲ್ಲ. ಒಳ್ಳೆಯ ಲಕ್ಷಣ.

ಟಿಕ್ ಟಿಕ್ ಬಗ್ಗೆ ಹೇಳುತ್ತೇನೆ. ಒಳಗೆ ಓದುವ ಹೆಡ್ಡು ತಟ್ಟೆಗೆ ತಾಗುವುದಿಲ್ಲ, ಗಾಳಿಯ ಮೇಲೆ ತೇಲುತ್ತದೆ. ನಡುವಿನ ಸಂದು ಕೂದಲಿನ ದಪ್ಪದಲ್ಲಿ ಸಾವಿರದ ಒಂದು ಪಾಲೂ ಇಲ್ಲ. 5400 ಆರ್‌ಪಿಎಂ (ನಿಮಿಷಕ್ಕೆ 5400 ಸುತ್ತು) ಡಿಸ್ಕಾದರೆ ತಟ್ಟೆ ಸೆಕೆಂಡಿಗೆ 90 ಸುತ್ತು ಹೊಡೆಯುತ್ತಿರುತ್ತದೆ. ಹೆಡ್ಡಿಗೆ ತಾನೆಲ್ಲಿದ್ದೇನೆ ಅಂತ ಗೊತ್ತಾಗದಿದ್ದಾಗ ಅದು ತುದಿಗೆ ಹೋಗಿ ಬಡಿದು ಮತ್ತೆ ಹುಡುಕುತ್ತದೆ. ಅದೇ ಟಿಕ್ ಶಬ್ದ. ನಿಲ್ಲದೆ ಬಡಿಯುತ್ತಿದ್ದರೆ ಹೆಡ್ಡೇ ಹೋಗಿದೆ, ಮನೆಯಲ್ಲಿ ಏನೂ ಮಾಡುವ ಹಾಗಿಲ್ಲ, ಧೂಳಿಲ್ಲದ ಕೋಣೆ ಇರುವವರೇ ಬೇಕು. ನಾಲ್ಕೈದು ಸಲ ಬಡಿದು ಸುಮ್ಮನಾಗಿ ವಿಂಡೋಸ್‌ಗೂ ಕಂಡಿದೆ ಅಂದರೆ ಆಸೆ ಇದೆ. ಮಲೆನಾಡಿನ ಅಟ್ಟದಲ್ಲಿ ಅಷ್ಟೂ ಮಳೆಗಾಲ ಕಳೆದದ್ದು ಅಲ್ವಾ? ಇಂಥ ಡಿಸ್ಕುಗಳಲ್ಲಿ ಹಸಿರು ಬೋರ್ಡಿನ ಅಡಿ ಇರುವ ಸಂಪರ್ಕದ ಜಾಗಗಳು ಕಪ್ಪಾಗಿರುವುದನ್ನು ಬೇಕಾದಷ್ಟು ನೋಡಿದ್ದೇನೆ.

ಹೀಗೆ ಮಾಡಿ. ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬದಲ್ಲಿ ನಾಲ್ಕು ದಿನ ಇಡಿ. ಹಾರ್ಡ್‌ಡಿಸ್ಕು ಪೂರ್ತಿ ಮುಚ್ಚಿರುವುದಿಲ್ಲ, ಗಾಳಿ ಆಡಲು ಫಿಲ್ಟರ್ ಇರುವ ಸಣ್ಣ ತೂತು ಇರುತ್ತದೆ. ತೇವ ಅಲ್ಲಿಂದಲೇ ಒಳಗೆ ಹೋಗುತ್ತದೆ. ಆಮೇಲೆ ಕೆಳಗಿನ ಹಸಿರು ಬೋರ್ಡನ್ನು ಮಾತ್ರ ಬಿಚ್ಚಿ. ನಕ್ಷತ್ರದ ಆಕಾರದ ಸ್ಕ್ರೂಗಳು, ಅದರ ಡ್ರೈವರ್ ಬೇಕು. ಬೋರ್ಡಿನ ಒಳಮುಖದಲ್ಲಿ ಸಾಲಾಗಿ ಸಣ್ಣ ಸಂಪರ್ಕದ ಬಿಲ್ಲೆಗಳು ಕಾಣುತ್ತವೆ. ಕಪ್ಪಾಗಿದ್ದರೆ ಶಾಲೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಒಣಗಲು ಬಿಡಿ. ಮೇಲಿನ ಅಲ್ಯೂಮಿನಿಯಂ ಮುಚ್ಚಳದ ಸ್ಕ್ರೂ ಮಾತ್ರ ಮುಟ್ಟಲೇಬಾರದು. ಅದು ತೆರೆದರೆ ಧೂಳು ಕೂರುತ್ತದೆ, ಕಥೆ ಮುಗಿಯಿತು.

ಜೋಡಿಸಲು ಹಳೇ ಐಡಿಇ ಮದರ್‌ಬೋರ್ಡಿನ ಕಂಪ್ಯೂಟರ್ ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಐಡಿಇಯಿಂದ ಯುಎಸ್‌ಬಿಗೆ ಬರುವ ಅಡಾಪ್ಟರ್ ತಗೊಳ್ಳಿ, 12 ವೋಲ್ಟಿನ ಬೇರೆ ಪವರ್ ಇರುವಂಥದ್ದು. ದೊಡ್ಡ ಡಿಸ್ಕಿಗೆ ಯುಎಸ್‌ಬಿ ಕರೆಂಟ್ ಸಾಲುವುದಿಲ್ಲ. ಹಿಂದೆ ಪಿನ್ನಿಗೆ ಸಿಕ್ಕಿಸಿರುವ ಪುಟ್ಟ ತುಂಡನ್ನು, ಅಂದರೆ ಜಂಪರನ್ನು, ಮಾಸ್ಟರ್ ಅನ್ನುವ ಜಾಗಕ್ಕೆ ಇಡಿ. ಎಲ್ಲಿ ಅಂತ ಲೇಬಲ್ ಮೇಲೇ ಚಿತ್ರ ಇರುತ್ತದೆ.

ಈಗ ಮುಖ್ಯ ವಿಷಯ. ಫೈಲ್ ಹುಡುಕಲು ಹೋಗಬೇಡಿ. ಕೈ ತುರಿಸುತ್ತದೆ, ಗೊತ್ತು. ಆದರೆ ಇದು ಇನ್ನೆಷ್ಟು ಗಂಟೆ ತಿರುಗುತ್ತದೋ ಹೇಳಲಾಗದ ಡಿಸ್ಕು. ಇರುವ ಆಯುಸ್ಸನ್ನು ಫೋಲ್ಡರ್ ತೆರೆದು ನೋಡುವುದಕ್ಕೆ ಖರ್ಚು ಮಾಡಬಾರದು. ಡಿಸ್ಕಿನ ಸಣ್ಣ ಸಣ್ಣ ಖಾನೆಗಳಿಗೆ ಸೆಕ್ಟರ್ ಅನ್ನುತ್ತೇವೆ. ಮೊದಲ ಸೆಕ್ಟರಿನಿಂದ ಕೊನೆಯದರವರೆಗೆ ಇದ್ದದ್ದು ಇದ್ದ ಹಾಗೆ ಒಂದು ನಕಲು, ಇಮೇಜ್ ಅನ್ನುತ್ತೇವೆ, ಅದನ್ನು ಬೇರೆ ಡಿಸ್ಕಿಗೆ ತೆಗೆಯಬೇಕು. ಮುಂದಿನ ಹುಡುಕಾಟ ಎಲ್ಲ ಆ ನಕಲಿನ ಮೇಲೆ.

ವಿಂಡೋಸ್ ಬೇಡ. ಅದು ಕೇಳದೆ ಡಿಸ್ಕಿನ ಮೇಲೆ ಬರೆಯುತ್ತದೆ. ಸಿಸ್ಟಂರೆಸ್ಕ್ಯೂ ಅಂತ ಲಿನಕ್ಸ್ ಪೆನ್‌ಡ್ರೈವಿಗೆ ಹಾಕಿಕೊಂಡು ಅದರಿಂದ ಬೂಟ್ ಮಾಡಿ. ಅದರಲ್ಲಿ ಈ ನಕಲು ತೆಗೆಯುವ ತಂತ್ರಾಂಶ, ಗ್ನೂ ಡಿಡಿರೆಸ್ಕ್ಯೂ, ಇದೆ. ಅದರ ಜಾಣತನ ಇಷ್ಟು: ಸುಲಭಕ್ಕೆ ಓದಲಾಗುವ ಭಾಗವನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಎಡವಿದ ಜಾಗವನ್ನು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟು ಮುಂದೆ ಹಾರುತ್ತದೆ, ಆಮೇಲೆ ಆ ಜಾಗಗಳಿಗೆ ಮಾತ್ರ ವಾಪಸ್ ಬರುತ್ತದೆ. ನಡುವೆ ಕರೆಂಟ್ ಹೋದರೂ ಬಿಟ್ಟಲ್ಲಿಂದ ಶುರು ಮಾಡಬಹುದು. ಮ್ಯಾಪ್ ಫೈಲ್ ಕೊಡದೆ ಓಡಿಸಬೇಡಿ.

ಯಾವುದರಿಂದ, ಯಾವುದಕ್ಕೆ ಅನ್ನುವುದನ್ನು ಮೂರು ಸಲ ನೋಡಿ. ಅದಲು ಬದಲಾದರೆ ಖಾಲಿ ಡಿಸ್ಕು ಅಪ್ಪಯ್ಯನವರ ಡಿಸ್ಕಿನ ಮೇಲೆ ಕೂರುತ್ತದೆ. ನಿಮ್ಮ ಡಿಸ್ಕು 18.6 ಅಂತ ತೋರಿಸುತ್ತದೆ, ಗಾಬರಿ ಬೇಡ. 20 ಜಿಬಿ ಅಂದರೆ ಲೆಕ್ಕದಲ್ಲಿ ಅಷ್ಟೇ. ಆ ಸಂಖ್ಯೆಯಿಂದಲೇ ಗುರುತು ಹಿಡಿಯಿರಿ.

---

ಕುತೂಹಲಿ | ಫೆಬ್ರವರಿ 3, ಬೆಳಿಗ್ಗೆ 7:05

ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಕೆಲಸ ಮಾಡುತ್ತದೆ ಅಂತ ಕೇಳಿದ್ದೇನೆ. ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಹಾಗೆ ಮಾಡಿ ಫೋಟೋ ಸಿಕ್ಕಿತ್ತಂತೆ.

ರಿಪೇರಿಬೆಂಚು | ಫೆಬ್ರವರಿ 3, ಬೆಳಿಗ್ಗೆ 8:20

ಬೇಡ ಸರ್. ಫ್ರೀಜರಿನಿಂದ ಹೊರಗೆ ತೆಗೆದ ಲೋಟಕ್ಕೆ ಹನಿ ಕಟ್ಟುವುದನ್ನು ನೋಡಿದ್ದೀರಲ್ಲ? ಅದೇ ಹನಿ ತಟ್ಟೆಯ ಮೇಲೆ ಕಟ್ಟುತ್ತದೆ. ಇದು ಮೊದಲೇ ತೇವ ಕುಡಿದ ಡಿಸ್ಕು. ಅಕ್ಕಿ ಡಬ್ಬದಲ್ಲಿಡುವುದೂ ಬೇಡ, ಅಕ್ಕಿಯ ಪುಡಿ ಕೂರುತ್ತದೆ.

---

ಮಳೆಲೆಕ್ಕ | ಫೆಬ್ರವರಿ 11, ರಾತ್ರಿ 10:30

ರಿಪೇರಿಬೆಂಚು ಅಣ್ಣ, ನೀವು ಹೇಳಿದ ಹಾಗೇ ಮಾಡಿದೆ. ಪಕ್ಕದ ಮನೆಯ ಹುಡುಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಅವನೂ ಜೊತೆಗಿದ್ದ. ಅಡಾಪ್ಟರಿಗೆ 750 ರೂಪಾಯಿ ಆಯಿತು.

ಬೋರ್ಡ್ ಬಿಚ್ಚಿದಾಗ ಬಿಲ್ಲೆಗಳು ಹುಣಸೆಹಣ್ಣು ಕಾಣದ ಹಳೇ ತಾಮ್ರದ ಚೊಂಬಿನ ಬಣ್ಣಕ್ಕೆ ತಿರುಗಿದ್ದವು. ಮಗನ ಕಂಪಾಸ್ ಬಾಕ್ಸಿನ ರಬ್ಬರಿನಿಂದ ಒಂದೊಂದನ್ನೇ ಉಜ್ಜಿದೆ. ರಬ್ಬರ್ ಕಪ್ಪಾಯಿತು, ಬಿಲ್ಲೆ ಹೊಳೆಯಿತು. ಕರೆಂಟ್ ಕೊಟ್ಟಾಗ ಎರಡೇ ಸಲ ಟಿಕ್ ಅಂತು, ಆಮೇಲೆ ಒಂದೇ ಸಮ ತಿರುಗಿತು.

ಶನಿವಾರ ಸಂಜೆ 4ಕ್ಕೆ ಡಿಡಿರೆಸ್ಕ್ಯೂ ಶುರು ಮಾಡಿದೆವು. ಮೊದಲ ಮುಕ್ಕಾಲು ಗಂಟೆಯಲ್ಲಿ ಶೇಕಡಾ 97 ಬಂದುಬಿಟ್ಟಿತು. ಕುಣಿಯುವ ಹಾಗಾಯಿತು. ಆಮೇಲೆ ಅದು ಕದಲಲಿಲ್ಲ. ಭಾನುವಾರ ಇಡೀ ಅದರ ಮುಂದೆ ಕೂತಿದ್ದೆ, ಊಟವನ್ನೂ ಅಲ್ಲೇ ಮಾಡಿದೆ. ಡಿಸ್ಕು ಬಿಸಿ ಆಗುತ್ತಿತ್ತು ಅಂತ ಟೇಬಲ್ ಫ್ಯಾನ್ ಇಟ್ಟೆವು. ಒಟ್ಟು 31 ಗಂಟೆ ಓಡಿ ನಿಂತಿತು. 3.9 ಕೋಟಿ ಸೆಕ್ಟರಿನಲ್ಲಿ ಓದಲಾಗದೆ ಉಳಿದದ್ದು 1184. ಹುಡುಗ ಲೆಕ್ಕ ಹಾಕಿ 592 ಕಿಲೋಬೈಟ್ ಅಂದ.

ಇಮೇಜಿನ ಒಂದು ನಕಲನ್ನು ತೆರೆದೆವು. ಡಿ ಡ್ರೈವಿನಲ್ಲಿ ಫೋಲ್ಡರ್ ಇತ್ತು. ಆಗಿನ ವಿಂಡೋಸ್ 98ರಲ್ಲಿ ಫೈಲಿನ ಹೆಸರನ್ನು ಕನ್ನಡದಲ್ಲಿ ಕೊಡಲು ಆಗುತ್ತಿರಲಿಲ್ಲ, ಅಪ್ಪಯ್ಯ ಇಂಗ್ಲಿಷ್ ಅಕ್ಷರದಲ್ಲಿ ಮಳೆ ಅಂತ ಬರೆದಿದ್ದಾರೆ. ತೆರೆದರೆ ಅಂಕಿಗಳೆಲ್ಲ ಇವೆ!

ಆದರೆ ಎರಡು ತೊಂದರೆ. ಷರಾ ಕಾಲಂ ಪೂರ್ತಿ ಅರ್ಥವಿಲ್ಲದ ಅಕ್ಷರಗಳು. ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಹೀಗೆ. ಮತ್ತೆ 1987ರ ಹತ್ತಿರ ಬಂದರೆ ಎಕ್ಸೆಲ್ ಫೈಲ್ ಕೆಟ್ಟಿದೆ ಅನ್ನುತ್ತದೆ, ಅಲ್ಲಿಂದ ಮುಂದೆ ಸುಮಾರು 400 ಸಾಲು ಸಿಗುತ್ತಿಲ್ಲ.

---

ಪೇಜ್‌ಮೇಕರ್‌ಕಾಲ | ಫೆಬ್ರವರಿ 12, ಬೆಳಿಗ್ಗೆ 10:10

ಅಕ್ಕ, ಷರಾ ಕೆಟ್ಟಿಲ್ಲ. ಒಂದಕ್ಷರವೂ ಕೆಟ್ಟಿಲ್ಲ. ನಾನು ದಾವಣಗೆರೆಯಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದವನು. ಲಗ್ನಪತ್ರಿಕೆ, ಕರಪತ್ರ, ಪಿಎಚ್‌ಡಿ ಪ್ರಬಂಧ, ಎಲ್ಲ ಇದೇ ಅಕ್ಷರದಲ್ಲಿ ಹೊಡೆದವನು, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಯುನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಟ್ಟ ಏರ್ಪಾಡು, ಅದರಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಮನೆಯ ಕಂಪ್ಯೂಟರಿಗೆ ಅದು ಬಂದದ್ದು ವಿಂಡೋಸ್ ಎಕ್ಸ್‌ಪಿ ಜೊತೆ, ತುಂಗಾ ಫಾಂಟಿನಲ್ಲಿ. ಅಲ್ಲಿಯವರೆಗೆ ನಮಗಿದ್ದದ್ದು ಬೇರೆ ದಾರಿ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಇವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ನೀವು ನೋಡಿದ ಪಿ ಅನ್ನುವುದು ತಲೆಕಟ್ಟಿಲ್ಲದ ಕ. ಅದರ ಪಕ್ಕದ ಗೀಟಿರುವ ಎ ಇದೆಯಲ್ಲ, ಅದೇ ತಲೆಕಟ್ಟು. ಎರಡೂ ಸೇರಿ ಕ. ಪೌಂಡಿನ ಗುರುತು ನ. ಮ ಅಕ್ಷರವಂತೂ ಒಂದೇ ತುಂಡಲ್ಲ: ವ, ತಲೆಕಟ್ಟು, ಕೊಂಬು ಮೂರೂ ಸೇರಿ ಮ ಆಗುತ್ತದೆ. ಹಾಗಾದರೆ ವು ಹೇಗೆ ಅಂತ ಕೇಳುತ್ತೀರಿ. ಅದಕ್ಕೆ ಬೇರೆ ಜಾತಿಯ ಕೊಂಬು ಇದೆ. ಕಣ್ಣಿಗೆ ಸರಿಯಾಗಿ ಕಂಡರೆ ಸಾಕು ಅಂತ ಮಾಡಿದ ಏರ್ಪಾಡು ಅದು.

ನುಡಿ ಫಾಂಟ್ ಹಾಕಿಕೊಂಡರೆ ಈಗಲೇ ಓದಬಹುದು. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಮತ್ತೆ ಇದೇ ಪಾಡು, ಹುಡುಕಿದರೂ ಸಿಗುವುದಿಲ್ಲ. ಯುನಿಕೋಡಿಗೆ ತಿರುಗಿಸಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ನುಡಿಗೂ ಬರಹಕ್ಕೂ ಒಂದೇ ನಡೆಯುತ್ತದೆ.

ಎರಡು ಕಡೆ ಜೋಪಾನ. ಒಂದು, ಇಡೀ ಹಾಳೆಯನ್ನು ಒಟ್ಟಿಗೆ ಪರಿವರ್ತಕಕ್ಕೆ ಕೊಡಬೇಡಿ. ಅಪ್ಪಯ್ಯನವರು ಎಲ್ಲಾದರೂ ಇಂಗ್ಲಿಷಿನಲ್ಲಿ ಔಷಧದ ಹೆಸರೋ ಅಳತೆಯೋ ಬರೆದಿದ್ದರೆ ಅದೂ ಕನ್ನಡದ ತುಂಡುಗಳಾಗಿ ಕಲಸಿಹೋಗುತ್ತದೆ. ಪ್ರತಿ ಸೆಲ್ಲಿಗೂ ಯಾವ ಫಾಂಟ್ ಅಂತ ಎಕ್ಸೆಲ್ ಬರೆದಿಟ್ಟಿರುತ್ತದೆ. ನುಡಿ ಇರುವ ಸೆಲ್ಲುಗಳನ್ನು ಮಾತ್ರ ತಿರುಗಿಸಿ. ಎರಡು, ಅರ್ಕಾವತ್ತು. ಕರ್ನಾಟಕ ಅನ್ನುವಾಗ ನುಡಿಯಲ್ಲಿ ಅರ್ಕಾವತ್ತು ನಾ ಆದಮೇಲೆ ಬರುತ್ತದೆ, ಯುನಿಕೋಡಿನಲ್ಲಿ ರ್ ಮೊದಲು ಬರಬೇಕು. ಒಳ್ಳೆಯ ಪರಿವರ್ತಕ ಅದನ್ನು ಹಿಂದಕ್ಕೆ ತರುತ್ತದೆ, ಕೆಲವು ಎಡವುತ್ತವೆ. ವರ್ಷ, ಸೂರ್ಯ, ಮಾರ್ಚ್, ಈ ಪದಗಳನ್ನು ಹುಡುಕಿ ನೋಡಿದರೆ ಗೊತ್ತಾಗಿಬಿಡುತ್ತದೆ. ತಿರುಗಿಸಿದ ಮೇಲೂ ಮೂಲದ ಫೈಲನ್ನು ಅಳಿಸಬೇಡಿ.

---

ರಿಪೇರಿಬೆಂಚು | ಫೆಬ್ರವರಿ 12, ಮಧ್ಯಾಹ್ನ 1:30

1987ರ ಭಾಗಕ್ಕೆ ಹೇಳುತ್ತೇನೆ. ಆ 1184ರಲ್ಲಿ ಕೆಲವು ಸೆಕ್ಟರುಗಳು ಈ ಫೈಲಿನ ಮೇಲೆ ಬಿದ್ದಿವೆ. ಯಾವ್ಯಾವ ಫೈಲಿಗೆ ಪೆಟ್ಟಾಗಿದೆ ಅಂತ ಖಾತ್ರಿ ಮಾಡಿಕೊಳ್ಳಲು, ಇಮೇಜಿನ ಒಂದು ನಕಲಿನಲ್ಲಿ ಓದಲಾಗದ ಜಾಗಕ್ಕೆಲ್ಲ ಒಂದು ಗುರುತಿನ ಪದ ತುಂಬಿಸಿ. ಡಿಡಿರೆಸ್ಕ್ಯೂನಲ್ಲೇ ಫಿಲ್ ಅನ್ನುವ ವಿಧಾನ ಇದೆ. ಆಮೇಲೆ ಆ ಪದ ಯಾವ ಫೈಲಿನೊಳಗಿದೆ ಅಂತ ಹುಡುಕಿದರೆ ಪಟ್ಟಿ ಸಿಗುತ್ತದೆ.

ಇನ್ನೊಂದು ದಾರಿ ಇದೆ. ಎಕ್ಸೆಲ್ ಸೇವ್ ಮಾಡುವಾಗ ಹಳೇ ಫೈಲಿನ ಮೇಲೆ ಬರೆಯುವುದಿಲ್ಲ. ಬೇರೆ ಹೆಸರಿನಲ್ಲಿ ಹೊಸದು ಬರೆದು ಹಳೆಯದನ್ನು ಅಳಿಸುತ್ತದೆ. ಅಪ್ಪಯ್ಯನವರು ಮೂರು ವರ್ಷ ಕೂತು ಹೊಡೆದಿದ್ದಾರೆ ಅಂದರೆ ನೂರಾರು ಸಲ ಸೇವ್ ಮಾಡಿರುತ್ತಾರೆ. ಆ ಅಳಿಸಿದ ಪ್ರತಿಗಳಲ್ಲಿ ಕೆಲವು ಖಾಲಿ ಜಾಗದಲ್ಲಿ ಈಗಲೂ ಬಿದ್ದಿರಬಹುದು. ಅಳಿಸಿದ ಫೈಲುಗಳನ್ನು ಹೆಕ್ಕುವ ಫೋಟೋರೆಕ್ ಅನ್ನುವ ತಂತ್ರಾಂಶ ಓಡಿಸಿ, ಇಮೇಜಿನ ಮೇಲೆ. ಹೆಸರು ಫೋಟೋ ಅಂತಿದ್ದರೂ ಎಕ್ಸೆಲ್, ವರ್ಡ್ ಎಲ್ಲ ಹೆಕ್ಕುತ್ತದೆ. ಫೈಲಿನ ಹೆಸರು ಮಾತ್ರ ಸಿಗುವುದಿಲ್ಲ, ಬರೀ ನಂಬರ್. ಮಳೆ ಅನ್ನುವ ಪದದ ನುಡಿ ರೂಪ ಐದು ಅಕ್ಷರ ಆಗುತ್ತದೆ. ಆ ಐದನ್ನು ಫೈಲುಗಳೊಳಗೆ ಹುಡುಕಿದರೆ ಬೇಕಾದದ್ದು ಸಿಗುತ್ತದೆ.

---

ಮಳೆಲೆಕ್ಕ | ಫೆಬ್ರವರಿ 23, ರಾತ್ರಿ 11:50

ಸಿಕ್ಕಿತು. ಪೂರ್ತಿ ಸಿಕ್ಕಿತು.

ಗುರುತಿನ ಪದ ಹುಡುಕಿದಾಗ ಪೆಟ್ಟಾದ ಜಾಗ ಜಾಸ್ತಿ ವಿಂಡೋಸ್ ತನ್ನ ತಾತ್ಕಾಲಿಕ ಕೆಲಸಕ್ಕೆ ಇಟ್ಟುಕೊಳ್ಳುವ ಸ್ವಾಪ್ ಫೈಲಿನಲ್ಲೇ ಇತ್ತು, ಅದು ಹೋದರೆ ಹೋಗಲಿ. ನಮ್ಮ ಫೈಲಿನಲ್ಲಿ ಬಿದ್ದದ್ದು ಸ್ವಲ್ಪವೇ. ಫೋಟೋರೆಕ್ 140ಕ್ಕೂ ಹೆಚ್ಚು ಎಕ್ಸೆಲ್ ಫೈಲ್ ಕೊಟ್ಟಿತು. ಆ ಐದು ಅಕ್ಷರ ಇದ್ದವು 37. ಅಪ್ಪಯ್ಯ ಒಂದೊಂದು ಸಂಜೆ ಎಲ್ಲಿಯವರೆಗೆ ಹೊಡೆದು ಎದ್ದರು ಅಂತ ಆ 37ರಲ್ಲಿ ಕಾಣುತ್ತದೆ. ಒಂದು ಫೈಲ್ 1983ರ ಆಗಸ್ಟ್ 9ಕ್ಕೆ ನಿಂತಿದೆ, ಇನ್ನೊಂದು 1984ರ ಜನವರಿಗೆ. 1991ರವರೆಗೆ ಬಂದಿರುವ ಒಂದು ಪ್ರತಿ ಸರಿಯಾಗಿ ತೆರೆಯಿತು. 1987ರ ಸಾಲುಗಳನ್ನು ಅದರಿಂದ ತೆಗೆದು ಸೇರಿಸಿದೆ. ಯಾವ ಸಾಲು ಯಾವ ಪ್ರತಿಯಿಂದ ಬಂತು ಅಂತ ಪಕ್ಕದಲ್ಲಿ ಒಂದು ಹೊಸ ಕಾಲಂ ಮಾಡಿ ಬರೆದಿದ್ದೇನೆ.

ಷರಾ ತಿರುಗಿಸಿದೆ. ಪೇಜ್‌ಮೇಕರ್‌ಕಾಲ ಅಣ್ಣ ಹೇಳಿದ ಅರ್ಕಾವತ್ತು ಒಂಬತ್ತು ಕಡೆ ಎಡವಿತ್ತು, ಕೈಯಲ್ಲಿ ತಿದ್ದಿದೆ. ಅಪ್ಪಯ್ಯ ಮೈಲುತುತ್ತಕ್ಕೆ ಇಂಗ್ಲಿಷಿನಲ್ಲೇ ಸಿ ಎಸ್ ಅಂತ ಬರೆಯುತ್ತಿದ್ದರು. ಸೆಲ್ ನೋಡಿ ತಿರುಗಿಸಿದ್ದರಿಂದ ಅದು ಉಳಿಯಿತು.

1994ರ ಜುಲೈ ತಿಂಗಳ ನಾಲ್ಕು ಸಾಲು ಹಾಕುತ್ತೇನೆ (ಕಪ್ಪು ಅಂದರೆ ತೋಟದ ನೀರು ಬಸಿಯುವ ಕಾಲುವೆ):

11, 148 ಮಿ.ಮೀ. ಸಿ ಎಸ್ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಕಲಸಿ ಇಟ್ಟಿದೆ, ಮಳೆ ಬಿಡಲಿಲ್ಲ.
12, 176 ಮಿ.ಮೀ. ಕೊನೆಗಾರ ಬಂದಿಲ್ಲ. ಹಳ್ಳ ದಾಟಲಾಗದು.
13, 212 ಮಿ.ಮೀ. ಕೆಳಗಿನ ತೋಟದ ಕಪ್ಪು ಒಡೆಯಿತು. ಕಲಸಿದ ಔಷಧಿ ಚೆಲ್ಲಿದೆ.
14, 61 ಮಿ.ಮೀ. ಹೊಳವಾಯಿತು. ಮೂರು ಮರದಲ್ಲಿ ಕೊಳೆ.

---

ರಿಪೇರಿಬೆಂಚು | ಫೆಬ್ರವರಿ 24, ಬೆಳಿಗ್ಗೆ 9:00

ಓದಿ ಖುಷಿಯಾಯಿತು ಮೇಡಂ. ಈಗ ಉಳಿಸುವ ಕೆಲಸ. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಪ್ರತಿ ಬೇರೆ ಊರಿನಲ್ಲಿ. ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿಟ್ಟು ಮರೆಯಬೇಡಿ. ಕರೆಂಟಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಅದರೊಳಗಿನ ಚಾರ್ಜ್ ಸೋರುತ್ತದೆ, ಎಸ್‌ಎಸ್‌ಡಿಗೂ ಅದೇ ಭಯ. ಪೂರ್ತಿ ಇಮೇಜ್, ಮೂಲದ ಎಕ್ಸೆಲ್, ಯುನಿಕೋಡಿನ ಸಿಎಸ್‌ವಿ, ಮೂರನ್ನೂ ಇಡಿ. ಸಿಎಸ್‌ವಿ ಬರೀ ಅಕ್ಷರ ಮತ್ತು ಅಲ್ಪವಿರಾಮ, ಯಾವ ಕಂಪನಿಯ ತಂತ್ರಾಂಶವೂ ಬೇಡ. ಪ್ರತಿಯೊಂದಕ್ಕೂ ಎಸ್‌ಎಚ್‌ಎ 256 ಮೊತ್ತ, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ತೆಗೆದು ಬರೆದಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ತಾಳೆ ನೋಡಿದರೆ ಒಂದು ಬಿಟ್ ಬದಲಾಗಿದ್ದರೂ ಗೊತ್ತಾಗುತ್ತದೆ. ಹಳೇ ಡಿಸ್ಕನ್ನು ಎಸೆಯಬೇಡಿ.

---

ಮಳೆಲೆಕ್ಕ | ಫೆಬ್ರವರಿ 25, ರಾತ್ರಿ 8:40

ಎಲ್ಲ ಮಾಡಿದ್ದೇನೆ. ಒಂದು ಪ್ರತಿ ಮೈಸೂರಿನಲ್ಲಿ ತಮ್ಮನ ಮನೆಗೆ ಹೋಯಿತು. ತಾಳೆ ನೋಡುವ ದಿನ ಅಂತ ಪ್ರತಿ ವರ್ಷ ಮೇ 25 ಇಟ್ಟುಕೊಂಡಿದ್ದೇನೆ, ಅಪ್ಪಯ್ಯ ಮಾಪಕ ತೊಳೆದು ಇಡುತ್ತಿದ್ದ ಹೊತ್ತು ಅದು. 2005ರ ನಂತರದ ಪುಸ್ತಕಗಳ ಫೋಟೋ ತೆಗೆದು ಟೈಪ್ ಮಾಡಲು ಶುರು ಮಾಡಿದ್ದೇನೆ, ನೇರ ಯುನಿಕೋಡಿನಲ್ಲಿ.

ಇನ್ನೊಂದು ವಿಷಯ ಕೇಳಬೇಕಿತ್ತು. ಅಂಗಳದ ಮಾಪಕ ಈಗಲೂ ಗಟ್ಟಿ ಇದೆ, ಆದರೆ ಅಳೆಯುವ ಗಾಜಿನ ಗ್ಲಾಸು ಒಡೆದಿದೆ. ಮಾಪಕದ ಬಾಯಿಯ ಅಳತೆಗೆ ಹೊಂದುವ ಗ್ಲಾಸೇ ಬೇಕು, ಇಲ್ಲದಿದ್ದರೆ ಮಿಲಿಮೀಟರ್ ತಪ್ಪಾಗುತ್ತದೆ. ಬಿಡಿಯಾಗಿ ಎಲ್ಲಿ ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಾ? ಜೂನ್ ಒಂದರೊಳಗೆ ಬೇಕು.